ಹತ್ತು ಎಣಿಸುವಷ್ಟು ಹೊತ್ತು

"ನಿಮ್ಮ ಹತ್ತು ಸ್ವಲ್ಪ ಬೇಗ ಬರ್ತದಲ್ಲ ಡಾಕ್ಟ್ರೆ," ಎಂದ ಸುದರ್ಶನ.

ನಾನು ಫಿಸಿಯೋಥೆರಪಿಸ್ಟ್. ಹೊನ್ನಾವರದ ಅವರ ಮನೆಯಲ್ಲಿ, ಅವನ ಅಮ್ಮ ಲಕ್ಕಿಯಕ್ಕನ ತೋಳು ಎತ್ತಿ ಹಿಡಿದು ಎಣಿಸುತ್ತಿದ್ದೆ. ಮೀನಿನ ಬುಟ್ಟಿ ಹೊತ್ತು ಹೊತ್ತು ಅವರ ಭುಜ ಬಿಗಿದುಹೋಗಿತ್ತು. ನೋವು ತುಸು ತಿಳಿಯುವವರೆಗೆ ತೋಳು ಎತ್ತಿ, ನಿಧಾನಕ್ಕೆ ಹತ್ತು ಎಣಿಸಿ ಇಳಿಸಬೇಕು.

ಅವನು ಗೋಡೆಯ ಗಡಿಯಾರ ತೋರಿಸಿದ. ನಾನು ಹತ್ತು ಎಂದಾಗ ಆರು ಸೆಕೆಂಡೂ ಆಗಿರಲಿಲ್ಲವಂತೆ. ಹೈಸ್ಕೂಲು ಮೇಷ್ಟ್ರು, ತಪ್ಪು ಹುಡುಕುವುದೇ ಕೆಲಸ ಎಂದು ಸಿಟ್ಟು ಬಂತು. ಬಸ್ಸಿನಲ್ಲಿ ಕೂತ ಮೇಲೆ ಹೆದರಿಕೆಯಾಯಿತು. ಅವರ ಭುಜ ಗುಣವಾಗದಿರುವುದಕ್ಕೆ ನಾನೇ ಕಾರಣವೇ? ಇನ್ನೂ ಎಷ್ಟು ಜನರ ಮಂಡಿ, ಸೊಂಟ?

ಬೆಳಿಗ್ಗೆ ಕುಮಟಾದ ಆಸ್ಪತ್ರೆ, ಮಧ್ಯಾಹ್ನ ಹೊನ್ನಾವರದಲ್ಲಿ ರೋಗಿಗಳ ಮನೆ, ಸಂಜೆ ಭಟ್ಕಳದ ಕ್ಲಿನಿಕ್, ಆಮೇಲೆ ಹೆಬಳೆಯ ನಮ್ಮ ಮನೆ. ಒಂದೂರಿನಲ್ಲಿರುವಾಗ ಮನಸ್ಸು ಮುಂದಿನೂರಿನಲ್ಲಿರುತ್ತಿತ್ತು.

ಮುಂದಿನ ಸಲದಿಂದ ಎಣಿಸುವ ಕೆಲಸ ಅವನಿಗೇ ಕೊಟ್ಟೆ. ತೋಳು ಹಿಡಿದು ನಿಲ್ಲುವುದಷ್ಟೇ ನನ್ನ ಪಾಲು. ಸುಮ್ಮನೆ ನಿಂತವಳಿಗೆ ಒಂದೊಂದೇ ಕಾಣತೊಡಗಿತು. ಅವನ ಶರ್ಟಿಗೆ ಹತ್ತಿದ ಸೀಮೆಸುಣ್ಣ. ನೋವು ನುಂಗುವಾಗ ನಡುಗುವ ಲಕ್ಕಿಯಕ್ಕನ ಮೂಗುತಿ. ಏಳು ಎಂದವನು ನನ್ನತ್ತ ನೋಡಿ ಎಂಟನ್ನು ಮರೆಯುವುದು.

"ಇವ ಎಣಿಸಿದ್ರೆ ನನ್ನ ಕೈ ಸಂಜೆವರೆಗೂ ಮೇಲೇ, ತಂಗಿ," ಎಂದು ಲಕ್ಕಿಯಕ್ಕ ನಗುತ್ತಿದ್ದರು.

ಭುಜ ಸಡಿಲಾಯಿತು. ನನಗೆ ಸಂತೋಷವಾಗಬೇಕಿತ್ತು.

ಕೊನೆಯ ದಿನ ಅವರು ತಾವೇ ಕೈಯೆತ್ತಿ ಅಟ್ಟದ ಡಬ್ಬಿ ಇಳಿಸಿದರು. ಭಾನುವಾರ ಧಾರೇಶ್ವರಕ್ಕೆ ಹೆಣ್ಣು ನೋಡಲು ಹೋಗುವುದಿದೆ ಎಂದರು. "ಇವ ಹೂಂ ಅನ್ನೂದಿಲ್ಲ, ಉಹೂಂ ಅನ್ನೂದಿಲ್ಲ. ಎಂತ ಮಾಡೂದು ಹೇಳು?" ನನ್ನ ಮುಖ ಒಮ್ಮೆ ನೋಡಿ, ಒಲೆಯ ನೆಪ ಹೇಳಿ ಒಳಗೆ ಹೋದರು.

ಸುದರ್ಶನ ರಸ್ತೆಯವರೆಗೆ ಬಂದ. ಭಟ್ಕಳದ ಬಸ್ಸು ತಿರುವಿನಲ್ಲಿ ಕಾಣುತ್ತಿತ್ತು.

"ನೀವೆಂತ ಹೇಳ್ತೀರಿ?" ಎಂದು ಕೇಳಿದ.

ಎಷ್ಟೋ ದಿನಗಳಿಂದ ಬಸ್ಸಿನಲ್ಲಿ ಕೂತು ವಾಕ್ಯಗಳನ್ನು ಹೊಂದಿಸಿಟ್ಟಿದ್ದೆ. ಈಗ ಒಂದೂ ಸರಿಯೆನಿಸಲಿಲ್ಲ. ನಾನು ಹೇಳಿದ್ದು ಹೆಚ್ಚಾದರೆ? ಅವನು ಸುಮ್ಮನೆ ಕೇಳಿದ್ದಾದರೆ? ಬಸ್ಸು ಬಂದು ನಿಂತಿತು. ಕಂಡಕ್ಟರು ಭಟ್ಕಳ, ಭಟ್ಕಳ ಎಂದು ಕರೆದು, ನನ್ನನ್ನು ನೋಡಿ, ಸೀಟಿ ಊದಿದ. ನಾನು ಹತ್ತಲಿಲ್ಲ.

ಕ್ಲಿನಿಕ್ಕಿನ ವಂದನಾಗೆ ಫೋನ್ ಮಾಡಿ, ತಡವಾಗುತ್ತದೆ, ನನ್ನ ರೋಗಿಗಳನ್ನು ನೋಡಿಕೋ ಎಂದೆ. ನೀನು, ಲೇಟಾ? ಆರಾಮಿದ್ದೀಯಲ್ಲ? ಎಂದು ಅವಳು ಗಾಬರಿಯಾದಳು. ಆರಾಮಿದ್ದೇನೆ ಎಂದೆ. ಅವನು ನನ್ನ ಕೈಯ ಫೋನನ್ನೇ ನೋಡುತ್ತಿದ್ದ. ಅದನ್ನು ಬ್ಯಾಗಿಗೆ ಹಾಕಿದೆ.

"ಧಾರೇಶ್ವರಕ್ಕೆ ಹೋಗಬೇಡಿ," ಎಂದೆ.

"ಎಂತಕ್ಕೆ?"

"ನನಗೆ ನೀವು ಬೇಕು, ಅದಕ್ಕೆ. ಇದಕ್ಕಿಂತ ಚೆಂದ ಮಾಡಿ ಹೇಳಬೇಕು ಅಂದುಕೊಂಡಿದ್ದೆ. ಆಗುವುದಿಲ್ಲ."

ಅವನು ಕಿವಿಯವರೆಗೂ ಕೆಂಪಾಗಿದ್ದ. ಎಂದಿನಂತಾದರೆ ಅಷ್ಟರಲ್ಲಿ ನನ್ನ ಕಣ್ಣು ಮುಂದಿನ ಬಸ್ಸನ್ನು ಹುಡುಕಬೇಕಿತ್ತು. ನಾನು ಅವನ ಮುಖ ನೋಡುತ್ತ ನಿಂತೆ.

"ನೀವು ಯಾವಾಗಲೂ ಬಸ್ಸಿಗೆ ಓಡುತ್ತಿದ್ದಿರಿ. ನಿಲ್ಲಿಸಿ ಹೇಳುವುದು ಹೇಗೆ ಅಂತ ಗೊತ್ತಾಗಲಿಲ್ಲ," ಎಂದ. "ನಾನು ಹೋಗುವುದಿಲ್ಲ."

ಮನೆಯೊಳಗಿಂದ ಲಕ್ಕಿಯಕ್ಕ ಕೂಗಿ ಕೇಳಿದರು. "ಬಸ್ಸು ಹೋತಾ?"

"ಹೋತು ಅಮ್ಮ."

"ಹಂಗಾರೆ ಎಂತಕ್ಕೆ ರಸ್ತೆ ಮೇಲೆ ನಿಂತದ್ದು? ಬಂಗಡೆ ಹುರಿದಾತು. ಅವಳನ್ನ ಕರ್ಕಂಡು ಬಾ."