ಜೋಮು ಹಿಡಿದ ಮಣ್ಣು

“ಮೋರಿಗೆ ಎಸೀಬ್ಯಾಡಿ ಸಾಮಿ. ಅವು ಸುಮ್ಕೆ ಸತ್ತಿಲ್ಲ” ಎಂದಳು ಸೊಪ್ಪಿನ ತಿಮ್ಮಕ್ಕ, ಗೇಟಿನ ಆಚೆಯೇ ನಿಂತು.

ಗುರುಶಾಂತಪ್ಪ ಎಸೆದ. ಬಾಂಡಲಿ ತುಂಬ ಬಳಿದಿದ್ದ ಸತ್ತ ಎರೆಹುಳುಗಳನ್ನು ಮೋರಿಗೆ ಸುರಿದು, ಬಾಂಡಲಿಯನ್ನು ಕಾಂಪೌಂಡಿಗೆ ಎರಡು ಸಲ ಬಡಿದು, ಅವಳ ಕಡೆ ತಿರುಗಿ ನಕ್ಕ. ಅವನು ಸರ್ಕಾರಿ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಮಣ್ಣು ಅರೆದು ಜರಡಿ ಹಿಡಿದವನು. ಮಣ್ಣಿನ ವಿಚಾರದಲ್ಲಿ ಸೊಪ್ಪು ಮಾರುವವಳಿಂದ ಪಾಠ ಹೇಳಿಸಿಕೊಳ್ಳುವುದೆಂದರೇನು!

“ಎರೆಹುಳ ಯಾಕೆ ಮೇಲೆ ಬರುತ್ತೆ ಗೊತ್ತೇನಮ್ಮ? ಅದು ಉಸಿರಾಡೋದು ಚರ್ಮದಲ್ಲಿ. ಮಣ್ಣಲ್ಲಿ ನೀರು ನಿಂತರೆ ಉಸಿರು ಕಟ್ಟುತ್ತೆ, ಮೇಲೆ ಬರುತ್ತೆ. ಬಿಸಿಲು ಬಿದ್ರೆ ಒಣಗಿ ಸಾಯುತ್ತೆ. ಇಷ್ಟೇ.”

“ನೀರೆಲ್ಲೈತೆ ಸಾಮಿ? ದೀಪಾವಳಿ ಆದಮ್ಯಾಲೆ ಒಂದು ಹನಿ ಬಿದ್ದಿಲ್ವಲ್ಲ.”

ಉತ್ತರವಿಲ್ಲದವನು ಬಾಯಿ ಮುಚ್ಚಿಕೊಂಡಿರುತ್ತಾನೆಂದು ಯಾವ ಶಾಸ್ತ್ರದಲ್ಲಿದೆ? “ಪಾಯಕ್ಕೆ ಗೆದ್ದಲಿನ ಔಷಧಿ ಹಾಕ್ಸಿದ್ದೆ. ಅದೇ ಇಳಿದಿರುತ್ತೆ ಬಿಡು” ಎಂದ.

ತಿಮ್ಮಕ್ಕ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಲೇ ಇಲ್ಲ. “ಮಣ್ಣಿಗೆ ಜೋಮು ಹಿಡಿದೈತೆ. ಅಮ್ಮಯ್ಯ ತುಂಬಿದ ಬಸ್ರಿ. ಅವ್ರನ್ನ ತವರಿಗೆ ಕಳಿಸ್ಬುಡಿ. ನೀವಂತೂ ಗುದ್ದಲಿ ಮುಟ್ಬ್ಯಾಡಿ. ಬಸ್ರಿ ಗಂಡ ನೆಲ ಅಗೀಬಾರ್ದು” ಎಂದವಳೇ, ದಂಟಿನ ಸೊಪ್ಪಿನ ಕಟ್ಟೊಂದನ್ನು ಗೇಟಿನ ಕಂಬಿಗೆ ಸಿಕ್ಕಿಸಿ ಸರಸರನೆ ಹೊರಟುಹೋದಳು.

“ಕೇಳಿದೆಯೇನೇ?” ಗುರುಶಾಂತಪ್ಪ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ. “ಬಸುರಿ ಗಂಡ ತೆಂಗಿನಕಾಯಿ ಒಡೀಬಾರ್ದು, ಹೆಣ ಹೊರಬಾರ್ದು, ಕ್ಷೌರ ಮಾಡಿಸ್ಬಾರ್ದು, ಈಗ ನೆಲವೂ ಅಗೀಬಾರ್ದಂತೆ. ಉಸಿರಾಡಬಹುದೋ ಇಲ್ಲವೋ, ಅದೊಂದು ಕೇಳೋದು ಮರೆತೆ.”

ಮೀನಾಕ್ಷಿ ನಗಲಿಲ್ಲ.

ಅದು ಎಂಬತ್ತೊಂದನೆಯ ಇಸವಿಯ ಜನವರಿ. ಜೆ.ಪಿ. ನಗರದಲ್ಲಿ ಆಗಿನ್ನೂ ಹತ್ತು ಸೈಟಿಗೊಂದು ಮನೆ. ನಡುವೆಲ್ಲ ಔಡಲದ ಗಿಡ, ಜಲ್ಲಿಯ ಗುಡ್ಡೆ, ಹಿಂದೊಮ್ಮೆ ಹೊಲವಾಗಿದ್ದ ನೆಲದ ಬದುಗಳು. ಹನುಮಂತನಗರದ ಬಾಡಿಗೆ ಮನೆ ಬಿಟ್ಟು ಗಂಡ ಹೆಂಡತಿ ಇಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು. ಮೀನಾಕ್ಷಿಗೆ ಎಂಟು ತುಂಬುತ್ತಿತ್ತು. ಹಿಂದೆ ಎರಡು ಸಲ ಅವಳನ್ನು ಹೆರಿಗೆಗೆಂದು ತಿಪಟೂರಿನ ತವರಿಗೆ ಕಳಿಸಿದ್ದ. ಎರಡು ಸಲವೂ ಬರಿಮಡಿಲಲ್ಲಿ ಕರೆದುಕೊಂಡು ಬಂದಿದ್ದ. ಎರಡನೆಯ ಕೂಸನ್ನು ತಾನೇ ಟವೆಲಿನಲ್ಲಿ ಸುತ್ತಿ ಒಯ್ದು ಮಣ್ಣು ಮಾಡಿದ್ದ. ಈ ಸಲ ತವರೂ ಬೇಡ, ಸೂಲಗಿತ್ತಿಯೂ ಬೇಡ, ಆಸ್ಪತ್ರೆ ಹತ್ತಿರದಲ್ಲೇ ಇದೆ ಎಂದು ಹಟ ಹಿಡಿದಿದ್ದ. ಹೆತ್ತ ಕರುಳಿಗಷ್ಟೇ ಅಲ್ಲ, ಹೂತ ಕೈಗೂ ನೋವಿರುತ್ತದೆ. ಈ ಮಗು ಉಳಿಯಬೇಕು, ಅವನಿಗೆ ಬೇರೇನೂ ಬೇಕಿರಲಿಲ್ಲ.

ಮರುದಿನ ಎರಡು ಬಾಂಡಲಿ ಹುಳು. ಮೂರನೆಯ ದಿನ ಲೆಕ್ಕವೇ ಸಿಗಲಿಲ್ಲ. ಹಾಲಿಗೆಂದು ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ, ನೀರಿನ ತೊಟ್ಟಿಯ ಸುತ್ತ, ಒಗೆಯುವ ಕಲ್ಲಿನ ಬುಡದಲ್ಲಿ ರಾಶಿ ರಾಶಿ. ಕೆಲವು ಒಣಗಿ ಕಡ್ಡಿಯಾಗಿ, ಕೆಲವು ಇನ್ನೂ ಮಿಸುಕುತ್ತ. ಕಾಂಪೌಂಡಿನ ಆಚೆ ಒಂದೇ ಒಂದು ಇಲ್ಲ. ಜೊತೆಗೊಂದು ವಾಸನೆ. ಕೊಳೆತದ್ದಲ್ಲ. ವರ್ಷಗಟ್ಟಲೆ ಮುಚ್ಚಿಟ್ಟ ತಾಮ್ರದ ಹಂಡೆಯ ಬಾಯಿ ತೆಗೆದ ಹಾಗೆ, ತಣ್ಣನೆಯ ಕಿಲುಬು ವಾಸನೆ. ಅದು ಅಡುಗೆಮನೆಗೂ ಬಂತು, ಹಾಸಿಗೆಗೂ ಬಂತು, ಕೊನೆಗೆ ಅನ್ನದಲ್ಲೂ ಬರತೊಡಗಿತು.

ಬಗ್ಗಿ ನೋಡಿದವನಿಗೆ ಇನ್ನೊಂದು ಸಂಗತಿ ಕಂಡಿತು. ಹುಳುಗಳೆಲ್ಲ ಹೊರಟಿದ್ದು ಒಂದೇ ಜಾಗದಿಂದ, ಮಲಗುವ ಕೋಣೆಯ ಕಿಟಕಿಯ ಕೆಳಗಿನ ಮೂಲೆಯಿಂದ. ಎಲ್ಲವೂ ಆಚೆಗೆ ಮುಖ ಮಾಡಿ ಸತ್ತಿದ್ದವು. ಯಾವುದರಿಂದಲೋ ಓಡುತ್ತಿದ್ದವು.

ಆ ಮೂಲೆಯ ಮಣ್ಣನ್ನು ಪೊಟ್ಟಣ ಕಟ್ಟಿಕೊಂಡು ಹೋಗಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದ. ಹುಳಿಯಿಲ್ಲ, ಉಪ್ಪಿಲ್ಲ, ವಿಷವಿಲ್ಲ. ರಾಗಿ ಬೆಳೆಯಲು ಯೋಗ್ಯವಾದ ಒಳ್ಳೆಯ ಕೆಂಪು ಮಣ್ಣು. ವರದಿ ಬರೆದು ಹರಿದು ಹಾಕಿದ.

ಆ ಸಂಜೆ ಮೀನಾಕ್ಷಿ ತಟ್ಟೆ ಇಡುತ್ತ, “ರೀ, ಎರಡು ದಿನದಿಂದ ಕಾಲೆಲ್ಲ ಜೋಮು. ನೆಲ ತಣ್ಣಗಿದೆಯೋ ಬೆಚ್ಚಗಿದೆಯೋ ಗೊತ್ತೇ ಆಗ್ತಿಲ್ಲ” ಎಂದಳು.

“ಬಸುರಿಯರಿಗೆ ಅದೆಲ್ಲ ಇದ್ದದ್ದೇ ಕಣೇ.”

“ಮಗು ಕಮ್ಮಿ ಒದೀತಿದೆ.”

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು ಎದ್ದ. ಬೆಳಗಾಗುತ್ತಲೇ ಆಟೋ ಹಿಡಿದು ಡಾಕ್ಟರಮ್ಮನ ಬಳಿ ಕರೆದೊಯ್ದ. ಅವರು ಬಹಳ ಹೊತ್ತು ಕಿವಿಗೊಟ್ಟು ಕೇಳಿ, “ಎದೆಬಡಿತ ಇದೆ, ಸ್ವಲ್ಪ ನಿಧಾನ. ಸೋಮವಾರ ಬಂದು ಅಡ್ಮಿಟ್ ಆಗಿ” ಎಂದರು. ಅದು ಶನಿವಾರ.

ವಾಪಸು ಬಂದಾಗ ತಿಮ್ಮಕ್ಕ ಗೇಟಿನ ಬಳಿ ಕಾಯುತ್ತಿದ್ದಳು. ಈ ಸಲ ಬುಟ್ಟಿ ಇರಲಿಲ್ಲ.

“ಇದು ನಮ್ದೇ ಹೊಲ ಆಗಿತ್ತು ಸಾಮಿ. ನಮ್ಮತ್ತಿಗೆ ಗೌರಮ್ಮಂಗೆ ಯಾರೋ ದಾಯಾದಿಗಳು ಮಾಟ ಮಾಡ್ಸಿದ್ರು. ನಾಕು ಕೂಸು ಹೊಟ್ಟೇಲೆ ಅಲ್ಲಾಡೋದು ನಿಂತು ಸತ್ತೋದ್ವು. ಆಮ್ಯಾಕೆ ಹೊಳೆಯಾಚೆಯಿಂದ ಒಬ್ಬನ್ನ ಕರ್ಸಿದ್ವಿ. ಅವ್ನು ಆ ಜೋಮನ್ನ ಹೊಟ್ಟೆಯಿಂದ ಇಳಿಸಿ, ಮಡಕೇಲಿ ಕಟ್ಟಿ, ಇದೇ ಮೂಲೇಲಿ ನೇಗಿಲು ಮುಟ್ಟದಷ್ಟು ಆಳಕ್ಕೆ ಹೂತ. ಬಸ್ರಿ ಹೆಂಗಸ್ರನ್ನ ನಾವು ಈ ಹೊಲದ ಬದುವಿಗೂ ಬಿಡ್ತಿರ್ಲಿಲ್ಲ.”

“ಮನೆ ಕಟ್ಟುವಾಗ ಯಾಕೆ ಬಾಯಿ ಬಿಡಲಿಲ್ಲ?”

“ಬಾಯಿ ಬುಟ್ಟಿದ್ರೆ ಕೇಳ್ತಿದ್ರಾ?” ತಿಮ್ಮಕ್ಕ ಕಿಟಕಿಯ ಕೆಳಗಿನ ಮೂಲೆಯತ್ತ ಕೈ ತೋರಿಸಿದಳು. “ಮಡಕೆ ಗಟ್ಟಿಯಾಗಿರೋಗಂಟ ಅದು ಒಳಗೆ ಮಿಸುಕ್ತದೆ, ಅಷ್ಟೆ. ಅಮ್ಮಯ್ಯ ಈ ಮನೆ ಬುಟ್ರೆ ತಣ್ಣಗಾಯ್ತದೆ. ನೀವು ಅಗೆದ್ರೋ, ಮನೆ ಯಜಮಾನ್ನೇ ಬಾಗ್ಲು ತೆಗ್ದು ಒಳಕ್ಕೆ ಕರ್ದಂಗೆ.”

ಒಳ್ಳೆಯ ಮಾತು. ಅವತ್ತೇ ಹೆಂಡತಿಯನ್ನು ತ್ಯಾಗರಾಜನಗರದ ಚಿಕ್ಕಮ್ಮನ ಮನೆಗೆ ಕರೆದೊಯ್ದಿದ್ದರೂ ಆಗುತ್ತಿತ್ತು. ಆದರೆ ಕೋಣನ ಮುಂದೆ ಕಿನ್ನರಿ ಬಾರಿಸಿದರೇನು? ಗುರುಶಾಂತಪ್ಪನಿಗೆ ಒಳಗೊಳಗೇ ಭಯ ಹುಟ್ಟಿತ್ತು, ಆ ಭಯಕ್ಕೆ ಅವನಿಗೇ ನಾಚಿಕೆಯಾಗಿತ್ತು. ನಾಚಿಕೆಯಾದ ಗಂಡಸು ಮಾಡಬಾರದ್ದನ್ನೇ ಮಾಡುತ್ತಾನೆ.

“ನಾಳೆ ಸಂಜೆ ಬಾ ತಿಮ್ಮಕ್ಕ. ನಿನ್ನ ಮಡಕೆ ತೆಗೆದು ತೋರಿಸ್ತೀನಿ. ಇದ್ದರೆ ಅದರಲ್ಲಿ ಮೊಸರು ಹೆಪ್ಪು ಹಾಕುವಿಯಂತೆ.”

ಭಾನುವಾರ ಊಟ ಮುಗಿಸಿ ಗುದ್ದಲಿ ಹಿಡಿದ. ಮೀನಾಕ್ಷಿ ಕಿಟಕಿಯ ಸರಳು ಹಿಡಿದು ನಿಂತು, “ಬೇಡ ಕಣ್ರೀ, ನನ್ನಾಣೆ” ಎಂದಳು. ಅವನು ತಲೆಯೆತ್ತಲಿಲ್ಲ. ಮಣ್ಣು ಬೆಣ್ಣೆಯ ಹಾಗೆ ಬಂತು. ಬೇರಿಲ್ಲ, ಇರುವೆಯಿಲ್ಲ, ಹುಳುವಂತೂ ಇಲ್ಲವೇ ಇಲ್ಲ. ಬರಬರುತ್ತ ಗುದ್ದಲಿಯ ಸದ್ದೂ ಕಡಿಮೆಯಾಯಿತು. ಕಬ್ಬಿಣ ನೆಲಕ್ಕೆ ಬೀಳುತ್ತಿತ್ತು, ಸದ್ದು ಮೇಲೆ ಬರುತ್ತಿರಲಿಲ್ಲ. ಸೊಂಟದಾಳಕ್ಕೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅದೇ ಹೊತ್ತಿಗೆ ಇಡೀ ಬಡಾವಣೆಯ ಕರೆಂಟು ಹೋಯಿತು. ಗುಂಡಿಯ ತಳ ಕಾಣದಂತೆ ಕತ್ತಲಾಯಿತು.

ಆಗ ಗುದ್ದಲಿ ತಾಗಿತು.

ಟಪ್. ಹಸಿ ಬುರುಡೆ ಒಡೆದಂಥ ಸದ್ದು. ಕಿಲುಬಿನ ವಾಸನೆ ಒಮ್ಮೆಲೇ ಮುಖಕ್ಕೆ ಹೊಡೆಯಿತು. ಬಗ್ಗಿ ಕೈಯಾಡಿಸಿದ. ಮಡಕೆಯ ಚೂರು. ಕೊಳೆತ ಬಟ್ಟೆ. ಅದರೊಳಗೆ ಕಪ್ಪು ಮಣ್ಣು. ಮುಟ್ಟಿದ. ಮುಟ್ಟಿದ್ದು ಗೊತ್ತಾಗಲಿಲ್ಲ. ಚೂರು ಬೆರಳನ್ನು ಕೊಯ್ದಿತ್ತು. ರಕ್ತ ತೊಟ್ಟಿಕ್ಕುತ್ತಿತ್ತು. ನೋವಿಲ್ಲ. ಗುಂಡಿಯ ತಳದಿಂದ ಏನೋ ಮೇಲೆದ್ದಿತು. ಆಕಾರವಿಲ್ಲ. ಕಣ್ಣಿಲ್ಲ. ಬರೀ ಒಂದು ತಣ್ಣನೆಯ ಸರಿದಾಟ. ಅವನ ಮೊಣಕಾಲು ಸವರಿತು. ಎದೆ ಸವರಿತು. ಅವನಲ್ಲಿ ನಿಲ್ಲಲಿಲ್ಲ. ಗೋಡೆ ಹತ್ತಿತು. ಕಿಟಕಿಯ ಕಡೆಗೆ ಹೋಯಿತು.

“ರೀ.” ಒಳಗಿನಿಂದ ಮೀನಾಕ್ಷಿಯ ದನಿ. ಕಿರುಚಲಿಲ್ಲ ಅವಳು. ಹಾಲು ಮುಗಿದಿದೆ ಎನ್ನುವಷ್ಟೇ ಸಪ್ಪೆಯಾಗಿ ಹೇಳಿದಳು. “ರೀ, ಮಗು ನಿಂತೋಯ್ತು.”

“ಅಯ್ಯೋ ಶಿವನೇ! ತಿಮ್ಮಕ್ಕಾ! ಎಲ್ಲಿದ್ದೀಯಮ್ಮಾ!” ಗುರುಶಾಂತಪ್ಪ ಹುಚ್ಚನ ಹಾಗೆ ಕೂಗಿದ.

ಅವಳು ಬಂದಿದ್ದಳು. ಮೊದಲ ಸಲ ಗೇಟು ದಾಟಿ ಓಡಿ ಬಂದಳು. “ಕೆಟ್ರಲ್ಲೋ ಸಾಮಿ, ಕೆಟ್ರಲ್ಲೋ!”

“ಬೈಯಿ, ಹೊಡಿ, ಏನಾದ್ರೂ ಮಾಡು. ಮಗು ಉಳಿಸು. ನಿನ್ನ ಕಾಲಿಗೆ ಬೀಳ್ತೀನಿ.”

“ಅದು ಹೊಟ್ಟೆ ಹುಡುಕ್ತದೆ. ಇನ್ನೊಂದು ಹೊಟ್ಟೆ ತೋರ್ಸಬೇಕು ಅದಕ್ಕೆ.” ತಿಮ್ಮಕ್ಕ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದಳು. “ಬಸ್ರಿ ಹೆಂಗಸು ಬಯಕೆಗೆ ಮಣ್ಣು ತಿಂತಾಳಲ್ಲ, ಹಂಗೆ ತಿನ್ನಿ. ಆ ಮಡಕೆ ಮಣ್ಣು ತಿನ್ನಿ. ಆಸೆಪಟ್ಟು ತಿನ್ನಬೇಕು. ಒಂದು ಚೂರು ಉಗುಳಿದ್ರೂ ಅದಕ್ಕೆ ಗೊತ್ತಾಯ್ತದೆ. ಆದ್ರೆ ಸಾಮಿ, ಬಂದ್ರೆ ಅದು ಮತ್ತೆ ಹೋಗಾಕಿಲ್ಲ.”

ಮಣ್ಣಿನ ಗುಣ ಬಲ್ಲ ಗುರುಶಾಂತಪ್ಪ ಎರಡೂ ಕೈಯಲ್ಲಿ ಬಾಚಿದ. ಬಾಯಿಗೆ ತುರುಕಿಕೊಂಡ. ಕಿಲುಬು. ಹಲ್ಲಿನ ನಡುವೆ ಕರಕರ. ವಾಂತಿ ಬಂತು. ನುಂಗಿದ. ಮತ್ತೆ ಬಾಚಿದ. ಹೊಟ್ಟೆಯ ಮೇಲೆ ಕೈಯಿಟ್ಟು ಬಸುರಿಯ ಹಾಗೆ ಸವರಿಕೊಂಡ. “ಬಾ” ಎಂದ. “ಇಲ್ಲಿದೆ, ಇಲ್ಲಿ ಬಾ.” ಟವೆಲಿನಲ್ಲಿ ಸುತ್ತಿದ್ದ ಆ ಪುಟ್ಟ ಮುಖ ನೆನಪಾಯಿತು. ಅಳುತ್ತಲೇ ನುಂಗಿದ. “ಬಾ ತಾಯಿ, ಬಾ!”

ಗೋಡೆಯ ಮೇಲಿದ್ದ ತಣ್ಣನೆಯದು ತಡೆದು ನಿಂತಿತು.

ತಿರುಗಿತು.

ನಾಲಿಗೆಯಲ್ಲಿ ಕಿಲುಬಿನ ರುಚಿ ಹೋಯಿತು. ಗಂಟಲು ಹೋಯಿತು. ಹೊಟ್ಟೆಯಲ್ಲೊಂದು ಕಲ್ಲು ಇಳಿಯಿತು, ಆಮೇಲೆ ಆ ಕಲ್ಲೂ ಇರಲಿಲ್ಲ. ಕಾಲು ಇದೆಯೋ ಇಲ್ಲವೋ ನೋಡಿಕೊಂಡ. ಇತ್ತು. ಕೆನ್ನೆಯ ಮೇಲೆ ಹರಿಯುತ್ತಿದ್ದ ನೀರು ಬೆಚ್ಚಗಿತ್ತು, ನಂತರ ಹರಿಯುವುದೇ ತಿಳಿಯಲಿಲ್ಲ.

“ಒದೀತು!” ಒಳಗಿನಿಂದ ಮೀನಾಕ್ಷಿ ಕಿರುಚಿದಳು. “ರೀ, ಒದೀತು ಕಣ್ರೀ! ಜೋರಾಗಿ ಒದೀತಿದೆ!” ಅವಳ ಅಳು, ನಗು ಎರಡೂ ಒಟ್ಟಿಗೆ ಕೇಳಿದವು.

ಗುರುಶಾಂತಪ್ಪ ಕೇಳಿಸಿಕೊಂಡ. ಇದು ಸಂತೋಷದ ಸುದ್ದಿ ಎಂದು ಅವನಿಗೆ ಗೊತ್ತಾಯಿತು. ಗುಂಡಿಯಿಂದ ಮೇಲೆ ಬಂದು ಕೈ ತೊಳೆದುಕೊಂಡ.

ಮಾಘ ಕಳೆದು ಹೆಣ್ಣು ಮಗು ಹುಟ್ಟಿತು. ಆರೂಕಾಲು ಪೌಂಡು, ಕೆಂಪು ಕೆಂಪಗೆ, ಆಸ್ಪತ್ರೆಯ ಆ ತುದಿಗೂ ಕೇಳುವಂಥ ಅಳು. ಮೀನಾಕ್ಷಿಯ ತಾಯಿ ತಿಪಟೂರಿನಿಂದ ಬಂದು ವಾರ್ಡಿನವರಿಗೆಲ್ಲ ಸಕ್ಕರೆ ಹಂಚಿದರು. ಗುರುಶಾಂತಪ್ಪನೂ ಬಾಯಿಗೆ ಸಕ್ಕರೆ ಹಾಕಿಕೊಂಡ. ಅದು ಸಿಹಿಯಿರುತ್ತದೆ ಎಂಬ ನೆನಪಿತ್ತು. ಅವನನ್ನೂ ಡಾಕ್ಟರರು ನೋಡಿದರು. ಅಂಗೈಗೆ, ಅಂಗಾಲಿಗೆ, ತುಟಿಗೆ ಸೂಜಿ ಚುಚ್ಚಿದರು. ರಕ್ತ ಬಂತು, ಅವನು ಅದನ್ನು ಯಾರದ್ದೋ ಕೈ ಎಂಬಂತೆ ನೋಡುತ್ತ ಕುಳಿತಿದ್ದ. ಅವರಿಗೆ ರೋಗದ ಹೆಸರು ಸಿಗಲಿಲ್ಲ. ಹುಳುಗಳು ನಿಂತುಹೋಗಿದ್ದವು. ಕಿಟಕಿಯ ಕೆಳಗಿನ ಗುಂಡಿಯನ್ನು ಮುಚ್ಚಿಸಿ, ಅತ್ತೆ ಅಲ್ಲಿ ಬಾಣಂತಿಗೆಂದು ಸಬ್ಬಸಿಗೆ ಸೊಪ್ಪು ಹಾಕಿದ್ದರು. ಚೆನ್ನಾಗಿ ಬಂದಿತ್ತು.

ಮಗುವಿಗೆ ಮೂರು ತಿಂಗಳಾದಾಗ, ಒಂದು ಮಧ್ಯಾಹ್ನ ಮೀನಾಕ್ಷಿ ಅದನ್ನು ಅವನ ಕೈಗಿತ್ತು ಸಾರಿಗೆ ಒಗ್ಗರಣೆ ಹಾಕಲು ಹೋದಳು. ಅವನು ಹಿಡಿದುಕೊಂಡ. ಬೀಳಬಾರದು, ಈ ಮಗು ಬೀಳಲೇಬಾರದು ಎಂದು ಭದ್ರವಾಗಿ ಹಿಡಿದುಕೊಂಡ. ಎಷ್ಟು ಭದ್ರ ಎಂದು ಅವನಿಗೆ ಹೇಳುವವರು ಯಾರು? ಮಗು ಚಿಟ್ಟನೆ ಚೀರಿತು. ಆಮೇಲೆ ಚೀರಲೂ ಆಗದೆ ಬಾಯಿ ಬಿಟ್ಟಿತು. ತುಟಿ ನೀಲಿಯಾಯಿತು. ಇದಕ್ಕೇನಾಯಿತು ಎಂದು ಅವನು ಕುತೂಹಲದಿಂದ ನೋಡುತ್ತಿದ್ದ. ಮೀನಾಕ್ಷಿ ಸೌಟು ಎಸೆದು ಓಡಿ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಪುಟ್ಟ ಪಕ್ಕೆಯ ಮೇಲೆ ನಾಲ್ಕು ಬೆರಳಿನ ಗುರುತು ಎದ್ದಿದ್ದವು.

ಮಗುವಿಗೆ ಉಸಿರು ಬರುವವರೆಗೂ ಅವಳು ಅದರ ಬೆನ್ನು ನೀವುತ್ತಿದ್ದಳು. ಬಂದ ಮೇಲೆ ಎದೆಗವಚಿಕೊಂಡು, ಕೋಣೆಯ ಆ ಕೊನೆಗೆ ಹೋಗಿ, ಗೋಡೆಗೊರಗಿ ಕುಳಿತಳು.

“ಇನ್ಮೇಲೆ ಎತ್ಕೋಬೇಡಿ. ಅಲ್ಲಿಂದಾನೇ ನೋಡಿ” ಎಂದಳು. ಆಮೇಲೆ ದನಿ ಒಡೆಯಿತು. “ಬೇಜಾರು ಮಾಡ್ಕೋಬೇಡಿ ಕಣ್ರೀ.”

ಗುರುಶಾಂತಪ್ಪ ಇದ್ದಲ್ಲಿಂದಲೇ ನೋಡಿದ. ಮಗು ಬಿಕ್ಕುತ್ತಿತ್ತು, ಮೀನಾಕ್ಷಿ ಅಳುತ್ತಿದ್ದಳು, ಒಲೆಯ ಮೇಲೆ ಒಗ್ಗರಣೆ ಸೀಯುತ್ತಿತ್ತು. ಅವನಿಗೆ ಬೇಜಾರಾಗಲಿಲ್ಲ.