ಹೇಳಬೇಕಿದ್ದ ‘ಇಲ್ಲ’

“ಇಪ್ಪತ್ತು ದಿನ ಆತು ರೀ ಅರ್ಜಿ ಕಳಿಸಿ. ಬಂತು ಅಂತ ಒಂದು ಮೆಸೇಜ್ ಹಾಕಾಕೆ ನಿಮಗೆ ಕೈ ನೋಯ್ತದಾ?”

ಸಿದ್ದಲಿಂಗೇಶ್ ತಲೆಯೆತ್ತಿದ. ಚನ್ನಗಿರಿ ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿದ್ದ ಆ ಪುಟ್ಟ ಕನ್ಸಲ್ಟೆನ್ಸಿಯಲ್ಲಿ ಜನರಿಗೆ ಕೆಲಸ ಕೊಡಿಸುವುದೇ ಅವನ ಕೆಲಸ. ಎದುರಿಗೆ ಫೈಲು ಎದೆಗವಚಿಕೊಂಡ ಹುಡುಗಿ. ಬೈಯುತ್ತಿದ್ದಳು ನಿಜ, ಆದರೆ ತುಟಿಯಂಚಿನಲ್ಲಿ ನಗು ಇಣುಕುತ್ತಿತ್ತು.

“ಮೊದಲು ಕೂತ್ಕೊಳ್ರಿ, ನೀರು ಕುಡೀರಿ. ಆಮೇಲೆ ಬೈಯಾಕೆ ಶುರು ಮಾಡ್ರಿ,” ಎಂದ.

ಅವಳು ನಿಜವಾಗಿಯೂ ಕೂತಳು, ನೀರು ಕುಡಿದಳು, ಮತ್ತೆ ಬೈದಳು. ಅವನಿಗೆ ಅದು ಹಿತವಾಗಿ ಕೇಳಿಸಿತು.

ಹೆಸರು ಪುಷ್ಪಾ, ಊರು ಜಗಳೂರು. ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿ, ನ್ಯಾಮತಿಯಲ್ಲಿ ಚಿಕ್ಕಮ್ಮ ಕಲ್ಲಮ್ಮನ ಮನೆಯಲ್ಲಿದ್ದಳು. ಹೊನ್ನಾಳಿಯ ಒಂದು ಲ್ಯಾಬಿಗೆ ಅವನೇ ಇಂಟರ್‌ವ್ಯೂ ಗೊತ್ತುಮಾಡಿದ. ಚೆನ್ನಾಗಿ ಆಯಿತು ಎಂದು ಅವಳು ಕುಣಿಯುತ್ತಾ ಫೋನ್ ಮಾಡಿದಳು. ನಾಲ್ಕನೇ ದಿನ ಲ್ಯಾಬಿನವರೂ ಅವನಿಗೆ ಮಾಡಿದರು: ಬೇರೆಯವರನ್ನು ತಗೊಂಡಿದ್ದೇವೆ.

ಆ ಆಫೀಸಿನಲ್ಲೊಂದು ಪದ್ಧತಿ ಇತ್ತು. “ಇಲ್ಲ ಅಂದ್ರೆ ಕ್ಯಾಂಡಿಡೇಟ್ ಬ್ಯಾರೆ ಕಡೆ ಹೋಗ್ತಾನೆ. ಪ್ರೊಸೆಸ್‌ನಾಗೈತೆ ಅನ್ನು, ನಮ್ಮ ಲಿಸ್ಟ್‌ನಾಗೇ ಇರ್ತಾನೆ,” ಎನ್ನುತ್ತಿದ್ದರು ಮಾಲೀಕ ಪಂಚಾಕ್ಷರಪ್ಪ. ಆಯ್ಕೆಯಾದವರಿಗೆ ಫೋನು, ಆಗದವರಿಗೆ ಮೌನ. ಎಂಥ ಮರ್ಯಾದೆ ನೋಡಿ! ಕಾಯುವವರ ಸಂಕಟ ಯಾರಿಗೆ ಬೇಕಿತ್ತು?

ಸೋಮವಾರ ಪುಷ್ಪಾ ಫೋನ್ ಮಾಡಿ ಕೇಳಿದಾಗ ಅವನೂ ಅದನ್ನೇ ಹೇಳಿದ. “ಪ್ರೊಸೆಸ್‌ನಾಗೈತೆ ರೀ.”

“ಏನು ಪ್ರೊಸೆಸ್ಸೋ! ಹುಣಸೆಹಣ್ಣು ನೆನೆಹಾಕಿದ್ರೂ ಇಷ್ಟೊತ್ತಿಗೆ ಸಾರು ಆಗಿರ್ತಿತ್ತು.”

ಅವನು ನಕ್ಕ. ಅವಳೂ ನಕ್ಕಳು. ಮಾತು ಸಾರಿನಿಂದ ಊಟಕ್ಕೆ, ಊಟದಿಂದ ಅವನ ಊರು ಕೆರೆಬಿಳಚಿಗೆ ಹೋಯಿತು. ಮುಂದಿನ ಸೋಮವಾರ ಅರ್ಧ ಗಂಟೆ. ಅದರಾಚೆಯ ಸೋಮವಾರ ಹತ್ತು ಗಂಟೆಗೇ ಅವನು ಫೋನನ್ನು ಕೈಯಲ್ಲಿ ಹಿಡಿದು ಕೂತಿದ್ದ. ನಿಜ ಹೇಳಿಬಿಟ್ಟರೆ ಈ ದನಿ ನಿಂತುಹೋಗುತ್ತದೆ ಎಂಬ ಭಯ ಅವನಿಗೆ. ಪ್ರೀತಿಯಲ್ಲಿ ಬಿದ್ದವನಿಗೆ ಬುದ್ಧಿ ಎಲ್ಲಿರುತ್ತದೆ, ಹೇಳಿ.

“ಯುಗಾದಿ ಒಳಗೆ ಕೆಲಸ ಸಿಕ್ರೆ ನನ್ನ ದಾರಿ ನಂದು ಅಂದಾನೆ ನಮ್ಮಪ್ಪ,” ಎಂದಿದ್ದಳು ಒಮ್ಮೆ. “ಇಲ್ದಿದ್ರೆ ಸೋದರಮಾವನ ಮಗ ದುರುಗೇಶನ್ನ ಮದ್ವೆ ಆಗ್ಬೇಕು. ಅವನು ಕೆಟ್ಟೋನಲ್ಲ ರೀ. ನನಗೆ ಬ್ಯಾಡ, ಅಷ್ಟೆ.”

ಯುಗಾದಿಗೆ ಮೂರು ವಾರವಿದ್ದಾಗ ಅವಳ ಫೋನು ಶುಕ್ರವಾರವೇ ಬಂತು.

“ಜಗಳೂರಾಗೆ ಒಂದು ನರ್ಸಿಂಗ್ ಹೋಮ್‌ನೋರು ಕರೆದಾರೆ. ನಾಳೆ ಮಧ್ಯಾಹ್ನದೊಳಗೆ ಹೇಳ್ಬೇಕು. ಹೊನ್ನಾಳಿದು ಆಗೋ ಹಂಗಿದ್ರೆ ಇದನ್ನ ಬಿಡ್ತೀನಿ.” ದನಿ ತಗ್ಗಿತು. “ಹೊನ್ನಾಳಿ ಆದ್ರೆ ಚನ್ನಗಿರಿಗೆ ಹತ್ರ ಅಲ್ವಾ?”

ಇಲ್ಲ ಎನ್ನಬೇಕು, ಈಗಲೇ ಎನ್ನಬೇಕು. ಆದರೆ ಅವಳು ಜಗಳೂರಿಗೆ ಹೊರಟುಹೋದರೆ? ಹದಿನೈದು ದಿನದಲ್ಲಿ ಹೊನ್ನಾಳಿಯಲ್ಲೇ ಬೇರೆ ಕೆಲಸ ಹುಡುಕಿಕೊಡುತ್ತೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

“ಪ್ರೊಸೆಸ್‌ನಾಗೈತೆ ರೀ. ಸ್ವಲ್ಪ ತಡೀರಿ.”

ಅವಳು ಜಗಳೂರಿನ ಕೆಲಸ ಬಿಟ್ಟು ತಡೆದಳು. ಅವನು ಬೈಕು ಹತ್ತಿ ಹೊನ್ನಾಳಿ, ನ್ಯಾಮತಿಯ ಒಂದು ಲ್ಯಾಬನ್ನೂ ಬಿಡದೆ ಅಲೆದ. ಎಲ್ಲಿಯೂ ಕೆಲಸ ಖಾಲಿ ಇರಲಿಲ್ಲ. ಯುಗಾದಿ ಬಂದು ಹೋಯಿತು.

ಹಬ್ಬ ಕಳೆದ ನಾಲ್ಕನೇ ದಿನ ಅವಳು ಹೊನ್ನಾಳಿ ಬಸ್ ಸ್ಟ್ಯಾಂಡಿಗೆ ಕರೆದಳು. ಪಕ್ಕದಲ್ಲಿ ಬಟ್ಟೆ ತುಂಬಿದ ಬ್ಯಾಗು.

“ಊರಿಗೆ ಹೋಗೋ ಮೊದಲು ಇವತ್ತು ಬೆಳಿಗ್ಗೆ ನಾನೇ ಲ್ಯಾಬಿಗೆ ಹೋಗಿದ್ದೆ. ಬ್ಯಾರೆ ಹುಡುಗಿ ಸೇರಿ ಎರಡು ತಿಂಗಳಾತಂತೆ. ಅವತ್ತೇ ನಿಮಗೆ ಹೇಳಿದ್ರಂತೆ.”

“ಹೌದು.”

“ನಿಮ್ಮ ಸಾಹೇಬ್ರು ಹೇಳಬ್ಯಾಡ ಅಂದಿದ್ರಾ?”

ಹೌದೆಂದು ತಪ್ಪಿಸಿಕೊಳ್ಳಬಹುದಿತ್ತು. ಅವನಿಗೆ ಮನಸ್ಸಾಗಲಿಲ್ಲ.

“ಮೊದಲ್ನೇ ವಾರ ಅವರು ಅಂದಿದ್ದಕ್ಕೆ. ಆಮೇಲೆ ನನಗೋಸ್ಕರ. ನಿಮ್ಮ ಫೋನ್ ನಿಂತುಹೋಗ್ತಿತ್ತು ಪುಷ್ಪಾ. ನಿಮ್ಮನ್ನ ಕಂಡ್ರೆ ನನಗೆ ಜೀವ.”

ಅವಳ ಕಣ್ಣು ತುಂಬಿತು. “ನನಗೂ ಹಂಗೇ. ಬರೇ ಕೆಲಸ ಕೇಳಾಕೆ ಯಾರಾದ್ರೂ ಅರ್ಧ ಗಂಟೆ ಮಾತಾಡ್ತಾರಾ? ಅಷ್ಟೂ ತಿಳೀಲಿಲ್ವಾ ನಿಮಗೆ?”

“ಇವತ್ತೇ ಬರ್ತೀನಿ, ನಿಮ್ಮಪ್ಪನ ಕಾಲು ಹಿಡೀತೀನಿ.”

“ನಿನ್ನೆ ಊರಾಗೆ ದುರುಗೇಶನ ಮನೆಯೋರ ಜೊತೆ ತಾಂಬೂಲ ಬದಲಾಯಿಸಿದ್ರು.” ಅವಳು ದುಪಟ್ಟಾದ ಅಂಚಿನಿಂದ ಮುಖ ಒರೆಸಿಕೊಂಡಳು. “ನಮ್ಮಪ್ಪ ಮಾತಿಗೆ ತಪ್ಪೋನಲ್ಲ. ಜಗಳೂರು ಕೆಲಸಕ್ಕೆ ಸೇರಿದ್ದಿದ್ರೆ ಅವತ್ತೇ ಅವನೆದುರು ನಿಂತು ನಿಮ್ಮ ಹೆಸರು ಹೇಳ್ತಿದ್ದೆ. ಒಂದು ‘ಇಲ್ಲ’ ಅಂದಿದ್ರೆ ಸಾಕಿತ್ತು ರೀ, ನಾನು ನಿಮ್ಮೋಳಾಗ್ತಿದ್ದೆ.”

ದಾವಣಗೆರೆ ಬಸ್ಸು ಬಂತು. ಬ್ಯಾಗು ಎತ್ತಿಕೊಡಲು ಹೋದವನ ಕೈಯನ್ನು ಅವಳು ಒಂದು ಕ್ಷಣ ಹಿಡಿದಳು, ಬಿಟ್ಟಳು, ಹತ್ತಿ ಕಿಟಕಿಯ ಪಕ್ಕ ಕೂತಳು.

“ಇನ್ನು ಫೋನ್ ಮಾಡಬ್ಯಾಡ್ರಿ.”

“ಒಂದ್ಸಲಾನೂ?”

“ಮಾಡಿದ್ರೆ ಎತ್ತಿಬಿಡ್ತೀನಿ. ಅದಕ್ಕೇ ಬ್ಯಾಡ ಅಂದಿದ್ದು.”

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.