ಸೌತೆಬಳ್ಳಿಯ ಉಸಿರು, ಜಿನ್ನಿನ ಗಿಂಡಿ

ಮಂಗಳೂರಿನ ಹಳೆಬಂದರಿನ ಬಳಿಯ ಬಾರೊಂದರ ತಾರಸಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಗಿಂಡಿ ಗುನುಗತೊಡಗಿತು. ಸೌತೆಯ ಪರಿಮಳ ಹೇಗೆ ಎದ್ದಿತೆಂದರೆ, ಲಕ್ಷದ್ವೀಪಕ್ಕೆ ಹೊರಟಿದ್ದ ಹಡಗು ಅರ್ಧ ದಾರಿಯಿಂದ ತಿರುಗಿ ಬಂತು. ನಂಬದವರು ಹಡಗನ್ನೇ ಕೇಳಬಹುದು.

ಇಸವಿ ೨೦೬೧. ಸಸ್ಯವಿಜ್ಞಾನಿ ಸೆವ್ರಿನ್ ಕ್ರಾಸ್ತಾ ಮಾಡಿದ ಉಸಿರುಗಿಂಡಿಯ ಗುಟ್ಟು ಸರಳ. ಹುಳು ಎಲೆ ಕಡಿದಾಗ ಗಿಡ ಗಾಬರಿಯಿಂದ ಪರಿಮಳದ ಆವಿ ಬಿಡುತ್ತದೆ; ಗಿಂಡಿ ಹುಳು ಮೆಲ್ಲುವ ಸದ್ದನ್ನು ಕಾಂಡಕ್ಕೆ ಕೇಳಿಸಿ, ಮೋಸಹೋದ ಗಿಡದ ಉಸಿರನ್ನು ತಣ್ಣಗಿನ ಜಿನ್ ಮದ್ಯದೊಳಗೆ ಹಿಡಿಯುತ್ತಿತ್ತು. ಒಂದು ಎಲೆಯನ್ನೂ ಹರಿಯಬೇಕಿಲ್ಲ. ತಾರಸಿಯಲ್ಲಿ ಅದಕ್ಕೆಂದೇ ಬೆಳೆಸಿದ ಸೌತೆ, ಕಾಮಕಸ್ತೂರಿ, ದೊಡ್ಡಪತ್ರೆ, ಕೊನೆಗೆ ಗಜನಿಂಬೆಯ ಚಿಗುರು. ಕುಡಿದರೆ ಸತ್ತವರು ಎದ್ದು ಕೂತು ಇನ್ನೊಂದು ಲೋಟ ಕೇಳುತ್ತಾರೆ.

ಬಾರಿನ ಒಡೆಯ ವಾಮನ ಬಂಗೇರರಿಗೆ ಗಿಂಡಿಯೇ ಕೊನೆಯ ಭರವಸೆ. ನೀರಿಗೆ ಹಾಕುವ ಮದ್ಯದ ಮಾತ್ರೆ ಊರೆಲ್ಲ ಹಬ್ಬಿ, ಅಜ್ಜನ ಕಾಲದ ಆ ಬಾರಿನಲ್ಲಿ ನೊಣಗಳೂ ರಾಜೀನಾಮೆ ಕೊಟ್ಟಿದ್ದವು. ಅಂದು ಸಂಜೆ ರುಚಿ ನೋಡಲು ಬರುವವರು ಮೆಚ್ಚದಿದ್ದರೆ ಬೀಗದ ಕೈ ಮಾತ್ರೆ ಕಂಪನಿಗೆ.

ಏಳಕ್ಕೆ ನಲವತ್ತು ಜನ ಬಂದರು. ನಲವತ್ತು ಸಾವಿರ ಎಂದರೂ ತಪ್ಪಿಲ್ಲ. ಗಿಂಡಿ ಗುನುಗಿತು. ಗಿಡಗಳು ಸುಮ್ಮನಿದ್ದವು. ಲೋಟಕ್ಕೆ ಬಂದದ್ದು ಬರೀ ಜಿನ್.

"ಎಂತ ಡಾಕ್ಟ್ರೆ, ಸೌತೆಗೆ ಇವತ್ತು ಉಪವಾಸವಾ?" ಎಂದ ಮೀನಿನ ವ್ಯಾಪಾರಿ ಲೋಕಯ್ಯ.

"ಮಧ್ಯಾಹ್ನ ಸರಿ ಇತ್ತು ಮಾರಾಯ್ರೆ," ಎನ್ನುತ್ತ ಕ್ರಾಸ್ತಾ ತಿರುಪು ಬಿಗಿದರು. ಬಂಗೇರರ ಕೈ ಜೇಬಿನ ಬೀಗದ ಕೈಗೆ ಹೋಯಿತು.

ಗಿಡಗಳಿಗೆ ನೀರೆರೆಯುವ ಗುಲಾಬಿಯಕ್ಕ ಬಾಗಿಲಿಗೆ ಒರಗಿದ್ದರು. "ದೀಪ ಹೊತ್ತಿಸಿದ ಮೇಲೆ ಗಿಡಕ್ಕೆ ಕೈ ಹಾಕ್ತಾರಾ? ಅವು ಮಲಗಿದಾವೆ. ಇಷ್ಟು ಓದಿದವರಿಗೆ ಅಷ್ಟೂ ಗೊತ್ತಿಲ್ವಾ?"

ಕ್ರಾಸ್ತಾರ ಮುಖ ಟೊಮೆಟೊದಂತಾಯಿತು. ಕತ್ತಲಾದರೆ ಎಲೆಯ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆಂದು ಇಪ್ಪತ್ತು ವರ್ಷ ಪಾಠ ಮಾಡಿದವರು ಅವರೇ. ಆದರೆ ಗಿಂಡಿಯ ಪರೀಕ್ಷೆಗಳನ್ನೆಲ್ಲ ಹಗಲಿನಲ್ಲೇ ಮುಗಿಸಿದ್ದರು. ಜನ ಕುಡಿಯುವುದು ಸಂಜೆ ಎಂಬುದು ಮಾತ್ರ ಆ ಮಹಾ ತಲೆಗೆ ಹೊಳೆದಿರಲಿಲ್ಲ.

"ದೊಡ್ಡ ಲೈಟ್ ಹಾಕಿ ಎಬ್ಬಿಸ್ಲಿಕ್ಕೆ ಆಗುದಿಲ್ವಾ?" ಬಂಗೇರರು ಕೇಳಿದರು.

"ಎಬ್ಬಿಸ್ಬಹುದು," ಎಂದರು ಕ್ರಾಸ್ತಾ. "ದಿನಾ ನಿದ್ದೆ ಕೆಡಿಸಿದ್ರೆ ಬಾಡ್ತದೆ, ನಿಮ್ಮ ಹಾಗೆ."

ಬಂಗೇರರು ಬಳ್ಳಿಯನ್ನು ಸ್ವಲ್ಪ ಹೊತ್ತು ನೋಡಿ, ಜೇಬಿನಿಂದ ಕೈ ತೆಗೆದರು. "ಹಾಗಾದ್ರೆ ಎಲ್ಲ ನಾಳೆ ನಾಲ್ಕಕ್ಕೆ ಬನ್ನಿ. ಅವು ಎದ್ದಿರುವಾಗ ಕುಡಿಯುವ."

ಬಂದರು. ಮೊದಲ ಗುಟುಕಿಗೆ ಲೋಕಯ್ಯ ಹತ್ತು ನಿಮಿಷ ಮಾತಾಡಲಿಲ್ಲ; ಅವನ ವಂಶದ ಏಳು ತಲೆಮಾರಿನಲ್ಲಿ ಅದೇ ದಾಖಲೆ. ಬಾರು ಉಳಿಯಿತು. ವರ್ಷದೊಳಗೆ ಕರಾವಳಿಯೆಲ್ಲ ನಾಲ್ಕಕ್ಕೆ ಕುಡಿದು ಆರಕ್ಕೆ ನೆಟ್ಟಗೆ ನಡೆದು ಮನೆ ಸೇರತೊಡಗಿತು. ಹೆಂಡತಿಯರು ಸೌತೆಬಳ್ಳಿಗೆ ಅರಿಶಿನ ಕುಂಕುಮ ಹಚ್ಚಿದರು.

ಒಂದು ತಕರಾರು ಮಾತ್ರ ಉಳಿದಿತ್ತು. ತಾರಸಿಯ ಬೀದಿ ಕಡೆಯ ಬಳ್ಳಿ ಯಾವ ಹೊತ್ತಿಗೂ ಅರ್ಧ ಪರಿಮಳವನ್ನೇ ಕೊಡುತ್ತಿತ್ತು. ಗುಲಾಬಿಯಕ್ಕ ರಾತ್ರಿಯಿಡೀ ಅದರ ನಿದ್ದೆ ಕೆಡಿಸುತ್ತಿದ್ದ ಎದುರಿನ ಬೀದಿದೀಪಕ್ಕೆ ಗೋಣಿ ಕಟ್ಟಿಸಿದರು. ವಾರದಲ್ಲಿ ಬಳ್ಳಿ ಸರಿಹೋಯಿತು. ಆಮೇಲೆ ಪಾಲಿಕೆಯವರು ಊರಿನ ದೀಪಗಳಿಗೆಲ್ಲ ಮರೆ ಹಾಕಿಸಿದರು.

ಇದಕ್ಕೆಲ್ಲ ಇನ್ನೂ ಬಹಳ ವರ್ಷ ಇದೆ. ಈಗ ನಿಮ್ಮ ಬೀದಿಯಲ್ಲಿ, ದೀಪದ ಕಂಬಕ್ಕೆ ತಾಗಿ ಒಂದು ಹೊಂಗೆಮರ ನಿಂತಿದೆ. ಅದು ಕಣ್ತುಂಬ ನಿದ್ದೆ ಮಾಡಿ ಎಷ್ಟು ದಿನವಾಯಿತೋ, ಯಾರೂ ಕೇಳಿಲ್ಲ.